ಎಡಗಾಲಿನ ಕೆಲಸ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಪ್ರತಿ ವರ್ಷ ಅಪ್ರೈಸಲ್ ಆದ ಮೇಲೆ ಒಂದು ಚರ್ಚೆ ಗ್ಯಾರಂಟಿ. ಯಾರೋ ಒಬ್ಬರು ಮೊದಲ ಕಾರು ತಗೊಳ್ಳೋಕೆ ಹೊರಟಿರ್ತಾರೆ. ಬಣ್ಣ, ಡಿಕ್ಕಿ, ಏರ್‌ಬ್ಯಾಗ್, ಸನ್‌ರೂಫ್ ಎಲ್ಲ ಮುಗಿದು ಕೊನೆಗೆ "ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ" ಅನ್ನೋ ಜಾಗಕ್ಕೆ ಬಂದು ಮಾತು ನಿಲ್ಲುತ್ತೆ. ಅಲ್ಲಿಂದ ಮುಂದಕ್ಕೆ ಅದು ಕಾರಿನ ವಿಷಯವಾಗಿ ಉಳಿಯಲ್ಲ, ಗಂಡಸುತನದ ವಿಷಯ ಆಗಿಬಿಡುತ್ತೆ. "ಗೇರ್ ಹಾಕದೆ ಓಡಿಸೋದು ಡ್ರೈವಿಂಗೇ ಅಲ್ಲ ಗುರು" ಅಂತ ಒಬ್ಬ. "ಸಿಲ್ಕ್ ಬೋರ್ಡಲ್ಲಿ ಒಂದು ವಾರ ಓಡಿಸು, ಆಮೇಲೆ ಮಾತಾಡು" ಅಂತ ಇನ್ನೊಬ್ಬ. "ಅದೆಲ್ಲ ಹೆಂಗಸರಿಗೆ, ವಯಸ್ಸಾದವರಿಗೆ" ಅಂತ ಮೂರನೆಯವನು ಶುರು ಮಾಡಿದ ಮೇಲೆ ಕಾಫಿ ಮುಗಿಸಿ ಎದ್ದು ಹೋಗೋದೇ ವಾಸಿ.

ನಾನು ಓದಿದ್ದು ಬಿಇ ಕಂಪ್ಯೂಟರ್ ಸೈನ್ಸ್. ಮೆಕ್ಯಾನಿಕಲ್ ಅಂದ್ರೆ ಮೊದಲ ವರ್ಷ ಎಲ್ಲ ಬ್ರಾಂಚಿನವರ ತಲೆಗೂ ಕಟ್ಟಿದ್ದ ಒಂದು ಪೇಪರ್, ಅಷ್ಟೇ. ಆದರೆ ಹಳೇ ಕೋಡ್ ಕೈಗೆ ಬಂದಾಗ "ಇದನ್ನ ಹೀಗ್ಯಾಕೆ ಬರೆದ್ರು" ಅಂತ ಹತ್ತು ವರ್ಷ ಹಿಂದಿನ ಕಮಿಟ್ ತನಕ ಕೆದಕಿ ನೋಡೋ ಚಟ ನನಗಿದೆ. 2021ರಲ್ಲಿ ನನ್ನ ಅಕ್ಕನಿಗೆ ಒಂದು ಕಾರು ಹುಡುಕಬೇಕಾಗಿ ಬಂದಾಗ ಅದೇ ಚಟ ಗೇರ್‌ಬಾಕ್ಸಿನ ಕಡೆ ತಿರುಗಿತು. ಅಕ್ಕನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಒಂದು ಮೂಲ ಪ್ರಶ್ನೆ: ಕಾರಿಗೆ ಗೇರ್ ಯಾಕೆ ಬೇಕು?

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನ ಎತ್ತಿನ ಮೂಲಕ ಹೇಳೋದು ಸುಲಭ. ಕೆಸರಲ್ಲಿ ಹೂತುಹೋದ ಗಾಡಿಗೆ ಎತ್ತು ಕಟ್ಟಿದರೆ, ಅದು ನಿಂತ ಜಾಗದಲ್ಲೇ ಮೈಯೆಲ್ಲ ಬಿಗಿ ಮಾಡಿ ಪೂರ್ತಿ ಬಲ ಹಾಕುತ್ತೆ. ಕಾಲು ಒಂದು ಇಂಚು ಮುಂದೆ ಹೋಗಿರಲ್ಲ, ಆದರೂ ಎಳೆತ ಇರುತ್ತೆ. ಉಗಿ ಯಂತ್ರವೂ ಹಾಗೇ, ಕರೆಂಟ್ ಮೋಟರೂ ಹಾಗೇ. ಪೆಟ್ರೋಲ್ ಎಂಜಿನ್‌ಗೆ ಮಾತ್ರ ಈ ಯೋಗ್ಯತೆ ಇಲ್ಲ. ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ಕೆಳಗೆ ಇಳಿದರೆ ಅದು ಉಸಿರು ಕಟ್ಟಿ ನಿಂತೇಹೋಗುತ್ತೆ. ಸರಿಯಾದ ಬಲ ಬರಬೇಕಾದರೆ ಇನ್ನೂ ಜೋರಾಗಿ ತಿರುಗಬೇಕು. ಅಂದರೆ ಚಕ್ರ ನಿಂತಿದ್ದರೂ ಎಂಜಿನ್ ತಿರುಗುತ್ತಲೇ ಇರಬೇಕು, ಮತ್ತೆ ಎರಡನ್ನೂ ಮೆತ್ತಗೆ ಜೋಡಿಸಬೇಕು. ಈ ಜೋಡಿಸೋ ಕೆಲಸ ಕ್ಲಚ್‌ದು, ವೇಗವನ್ನ ಬಲಕ್ಕೆ ಬದಲಾಯಿಸಿಕೊಡೋದು ಗೇರಿನದು. ಒಟ್ಟಿನಲ್ಲಿ ಇಡೀ ಗೇರ್‌ಬಾಕ್ಸ್ ಅನ್ನೋದೇ ಎಂಜಿನ್ನಿನ ಒಂದು ಕೊರತೆ ಮುಚ್ಚೋಕೆ ಹಾಕಿದ ಪ್ಯಾಚ್. ಆ ಪ್ಯಾಚನ್ನ ನೂರು ವರ್ಷ ಓಡಿಸಿದ್ದು ಮನುಷ್ಯರ ಎಡಗಾಲು.

1891ರಲ್ಲಿ ಫ್ರಾನ್ಸಿನ ಎಮಿಲ್ ಲೆವಾಸರ್ ಒಂದು ಕಾರು ಕಟ್ಟಿದ. ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಅದರ ಹಿಂದೆ ಗೇರ್‌ಬಾಕ್ಸ್, ಹಿಂದಿನ ಚಕ್ರಕ್ಕೆ ಶಕ್ತಿ. ಪಾನಾರ್ ಮತ್ತು ಲೆವಾಸರ್ ಕಂಪನಿಯ ಈ ಜೋಡಣೆಯನ್ನೇ ನಮ್ಮ ಅಂಬಾಸಿಡರ್ ತನಕ ಜಗತ್ತು ನಕಲು ಮಾಡಿತು. ಅವನ ಗೇರ್‌ಬಾಕ್ಸ್ ಬಹಳ ಸರಳ: ಒಂದು ಸರಳಿನ ಮೇಲೆ ಬೇರೆಬೇರೆ ಗಾತ್ರದ ಹಲ್ಲಿನ ಚಕ್ರಗಳು, ಲಿವರ್ ತಳ್ಳಿದರೆ ಅವು ಜಾರಿಕೊಂಡು ಹೋಗಿ ಇನ್ನೊಂದು ಸರಳಿನ ಚಕ್ರಕ್ಕೆ ಕಚ್ಚಿಕೊಳ್ಳಬೇಕು. ಎರಡೂ ಬೇರೆಬೇರೆ ವೇಗದಲ್ಲಿ ತಿರುಗುತ್ತಿರುವಾಗ ಹಲ್ಲಿಗೆ ಹಲ್ಲು ಸಿಕ್ಕಿಸೋದು ಅಂದ್ರೆ ಏನಾಗುತ್ತೆ ಅಂತ ಊಹಿಸಿಕೊಳ್ಳಿ. ಓಡೋ ಎರಡು ಸೈಕಲ್ ಚಕ್ರಗಳ ಕಡ್ಡಿ ಒಂದರೊಳಗೊಂದು ತೂರಿಸಿದ ಹಾಗೆ. "ಒರಟು, ಆದ್ರೆ ಕೆಲಸ ಮಾಡುತ್ತೆ" ಅಂತ ಲೆವಾಸರ್ ತನ್ನ ಯಂತ್ರದ ಬಗ್ಗೆ ಹೇಳಿದ್ದ ಅನ್ನೋದು ವಾಹನ ಲೋಕದಲ್ಲಿ ಬಹಳ ಪ್ರಸಿದ್ಧವಾದ ಮಾತು. ಡೆಡ್‌ಲೈನಿಗೆ ಕೋಡ್ ರಿಲೀಸ್ ಮಾಡಿದ ಯಾವ ಇಂಜಿನಿಯರಿಗಾದರೂ ಈ ಮಾತು ಅರ್ಥ ಆಗುತ್ತೆ.

ಏಳು ವರ್ಷ ಆದ ಮೇಲೆ, 1898ರ ಕ್ರಿಸ್‌ಮಸ್ ಹಿಂದಿನ ರಾತ್ರಿ, 21 ವರ್ಷದ ಲೂಯಿ ರೆನೋ ತಾನು ಕಟ್ಟಿದ ಪುಟ್ಟ ಕಾರನ್ನ ಪ್ಯಾರಿಸ್ಸಿನ ಮಾಂಟ್‌ಮಾರ್ತ್ ಗುಡ್ಡದ ಏರು ಬೀದಿಯಲ್ಲಿ ಹತ್ತಿಸಿ ತೋರಿಸಿದ. ಅವನ ಗೇರ್‌ಬಾಕ್ಸಿನಲ್ಲಿ ಕೊನೆಯ ಗೇರಿಗೆ ಬಂದಾಗ ಎಂಜಿನ್ನಿನ ತಿರುಗು ನೇರವಾಗಿ ಹಿಂದಕ್ಕೆ ಹೋಗುತ್ತಿತ್ತು, ನಡುವೆ ಹಲ್ಲಿನ ನಷ್ಟ ಇಲ್ಲ. ಅದೇ ರಾತ್ರಿ ಆರ್ಡರುಗಳು ಬಂದವು, ಒಂದು ಕಂಪನಿ ಹುಟ್ಟಿತು. ಅಂದರೆ ರೆನೋ ಅನ್ನೋ ಹೆಸರಿನ ಬುಡದಲ್ಲಿರೋದೇ ಒಂದು ಗೇರ್‌ಬಾಕ್ಸ್.

ಆದರೂ ಕಚ್ಚಿಸೋ ಕಷ್ಟ ಹಾಗೇ ಉಳಿಯಿತು. ಅದಕ್ಕೆ ಚಾಲಕರು ಕಂಡುಕೊಂಡ ಉಪಾಯ ಡಬಲ್ ಕ್ಲಚ್. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಕೆಳಗಿನ ಗೇರಿಗೆ ಹೋಗೋದಾದರೆ ಆ ಗಳಿಗೆಯಲ್ಲಿ ಆಕ್ಸಿಲರೇಟರ್ ಒಂದು ಸಲ ತುಳಿದು ವೇಗ ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕೋದು. ನಮ್ಮೂರು ತುರುವೇಕೆರೆ ಕಡೆ. ಬೆಳಗ್ಗೆ ಏಳೂವರೆಯ ಕೆಂಪು ಬಸ್ಸಿನ ಡ್ರೈವರ್ ಇದನ್ನ ಮಾಡೋದನ್ನ ನಾನು ಬಾನೆಟ್ಟಿನ ಪಕ್ಕದ ಉದ್ದ ಸೀಟಿನಲ್ಲಿ ಕೂತು ನೋಡ್ತಾ ಹೈಸ್ಕೂಲ್ ಮುಗಿಸಿದ್ದೀನಿ. ಕೆರೆ ಏರಿ ಹತ್ತುವಾಗ ಅವರ ಎಡಗಾಲು ಎರಡು ಸಲ ಏಳುತ್ತಿತ್ತು, ನಡುವೆ ಎಂಜಿನ್ ಒಂದು ಸಲ ಗುರ್ರ್ ಅನ್ನುತ್ತಿತ್ತು, ಗೇರ್ ಸದ್ದಿಲ್ಲದೆ ಬೀಳುತ್ತಿತ್ತು. ಕಿವಿಯಲ್ಲೇ ವೇಗ ಅಳೆಯೋ ಆ ವಿದ್ಯೆಗೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಅದೇ ಡ್ರೈವರ್ ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದುದನ್ನೂ ನೋಡಿದ್ದೀನಿ. ವಿದ್ಯೆಯನ್ನ ಹೊಗಳೋರು ಮಂಡಿಯನ್ನ ಮರೀತಾರೆ.

ಈ ಎರಡು ಸಲದ ಒತ್ತನ್ನ ಒಂದಕ್ಕೆ ಇಳಿಸಿದವನು ಅರ್ಲ್ ಥಾಂಪ್ಸನ್ ಅನ್ನೋ ಅಮೆರಿಕನ್. ಅವನ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಹಲ್ಲುಗಳು ಕಚ್ಚಿಕೊಳ್ಳೋ ಮೊದಲು ಶಂಕುವಿನಾಕಾರದ ಎರಡು ತುಂಡುಗಳು ಒಂದಕ್ಕೊಂದು ಉಜ್ಜಿ, ಬ್ರೇಕಿನ ಹಾಗೆ, ಎರಡೂ ಕಡೆಯ ವೇಗ ಸಮ ಮಾಡುತ್ತವೆ. ಆಮೇಲೆ ಹಲ್ಲು ಮೆತ್ತಗೆ ಕೂರುತ್ತೆ. ಇವತ್ತು "ಮ್ಯಾನ್ಯುಯಲ್ಲೇ ಅಸಲಿ ಡ್ರೈವಿಂಗ್" ಅನ್ನೋ ನಮ್ಮ ಕ್ಯಾಂಟೀನ್ ವೀರರು ಓಡಿಸೋದು ಇದನ್ನೇ. ಅವರ ಅರ್ಧ ಕೆಲಸವನ್ನ ಯಂತ್ರ ಆಗಲೇ ಮಾಡಿಕೊಡ್ತಿದೆ, ಗೊತ್ತಿಲ್ಲ ಅಷ್ಟೇ.

ಇನ್ನೊಂದು ವಿಷಯ. ಎಡಗಾಲಿಗೆ ಕ್ಲಚ್, ಕೈಗೆ ಗೇರ್ ಲಿವರ್ ಅನ್ನೋದು ಕಾರು ಹುಟ್ಟಿದಾಗಿನಿಂದ ಇರೋ ಧರ್ಮವೂ ಅಲ್ಲ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ, 1908ರಿಂದ 1927ರ ತನಕ 1.5 ಕೋಟಿಯಷ್ಟು ತಯಾರಾದ ಕಾರು, ಅದರಲ್ಲಿ ನಾವು ತಿಳಿದಿರೋ ಗೇರ್ ಲಿವರ್ರೇ ಇರಲಿಲ್ಲ. ಎಡ ಪೆಡಲ್ ಪೂರ್ತಿ ಒತ್ತಿದರೆ ಮೊದಲ ಗೇರ್, ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಎರಡನೇ ಗೇರ್. ನಡುವಿನ ಪೆಡಲ್ ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಇದ್ದದ್ದು ಸ್ಟಿಯರಿಂಗ್ ಕೆಳಗೆ, ಕೈಯಲ್ಲಿ. ಜಗತ್ತಿನಲ್ಲಿ ಎಷ್ಟೋ ಜನ ಕಾರು ಓಡಿಸೋದು ಕಲಿತದ್ದೇ ಹೀಗೆ. ಅವರನ್ನ ಇವತ್ತು ನಮ್ಮ ಕಾರಿನಲ್ಲಿ ಕೂರಿಸಿದರೆ ಮೊದಲ ಸಿಗ್ನಲ್ಲಿನಲ್ಲೇ ಗುದ್ದುತ್ತಾರೆ.

ಇನ್ನು ಆಟೋಮ್ಯಾಟಿಕ್. ಇದರ ಬೇರು ಇರೋದು ಹಡಗಿನಲ್ಲಿ. ಜರ್ಮನಿಯ ಹೆರ್ಮನ್ ಫೋಟಿಂಗರ್ ಹಡಗಿನ ಟರ್ಬೈನನ್ನ ಪ್ರೊಪೆಲರಿಗೆ ಜೋಡಿಸೋಕೆ 1905ರಲ್ಲಿ ಒಂದು ದ್ರವದ ಜೋಡಣೆಗೆ ಪೇಟೆಂಟ್ ಪಡೆದ. ಎದುರುಬದುರು ಎರಡು ಟೇಬಲ್ ಫ್ಯಾನ್ ಇಟ್ಟು ಒಂದನ್ನ ಮಾತ್ರ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಅದೇ ತತ್ವ. ಗಾಳಿಯ ಬದಲು ಎಣ್ಣೆ. ಎರಡು ಫ್ಯಾನಿಗೂ ಮುಟ್ಟು ಇಲ್ಲ, ಹಾಗಾಗಿ ಚಕ್ರ ನಿಂತರೂ ಎಂಜಿನ್ ನಿಲ್ಲಲ್ಲ. ಎಡಗಾಲಿನ ಕೆಲಸವನ್ನ ಎಣ್ಣೆ ವಹಿಸಿಕೊಂಡಿತು. ಇದಕ್ಕೆ ತಾನೇ ಬದಲಾಗೋ ನಾಲ್ಕು ಗೇರ್ ಸೇರಿಸಿ ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಅಂತ ಹೊರತಂದಿತು, 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೀಲ್ ಕಾರಿಗೆ. ಆ ತಂಡ ನಡೆಸಿದವನು ಅದೇ ಅರ್ಲ್ ಥಾಂಪ್ಸನ್. ಮ್ಯಾನ್ಯುಯಲ್ಲನ್ನ ಸುಲಭ ಮಾಡಿದವನೇ ಅದನ್ನ ಬೇಡ ಅನ್ನಿಸೋದನ್ನೂ ಕಟ್ಟಿದ.

ಕ್ಯಾಂಟೀನಿನ ಮೂರನೆಯವನಿಗೆ ಹೇಳಬೇಕಾದ ಸಂಗತಿ ಇಲ್ಲಿದೆ. ಈ "ಹೆಂಗಸರ" ಗೇರ್‌ಬಾಕ್ಸ್ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕಿಗೆ ಹೋಯಿತು. ಅಮೆರಿಕದ ಎಂ5 ಸ್ಟುವರ್ಟ್ ಹಗುರ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್ನು, ಎರಡಕ್ಕೂ ಹೈಡ್ರಾಮ್ಯಾಟಿಕ್. ಯುದ್ಧ ಮುಗಿದ ಮೇಲೆ ರೋಲ್ಸ್‌ರಾಯ್ಸ್ ಕಂಪನಿಯೇ ಅದರ ಲೈಸೆನ್ಸ್ ತಗೊಂಡು ತನ್ನ ಕಾರುಗಳಿಗೆ ಹಾಕಿತು.

ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಟ್ಯಾಂಕೂ ಅಲ್ಲ, ರೋಲ್ಸ್‌ರಾಯ್ಸೂ ಅಲ್ಲ. ಯುದ್ಧದಿಂದ ಕಾಲು ಕಳೆದುಕೊಂಡು ವಾಪಸ್ ಬಂದ ಸಾವಿರಾರು ಹುಡುಗರಿಗೆ ಓಲ್ಡ್ಸ್‌ಮೊಬೀಲ್ 'ವೇಲಿಯಂಟ್' ಅನ್ನೋ ಹೆಸರಿನಲ್ಲಿ ಹೈಡ್ರಾಮ್ಯಾಟಿಕ್ ಕಾರುಗಳನ್ನ ಅವರವರ ಅಂಗಕ್ಕೆ ತಕ್ಕ ಹಾಗೆ ಹೊಂದಿಸಿ ಕೊಟ್ಟಿತು. 1946ರಲ್ಲಿ ಅಮೆರಿಕದ ಸಂಸತ್ತು ಅಂಥ ಸೈನಿಕರಿಗೆ ಕಾರು ಕೊಳ್ಳೋಕೆ 1,600 ಡಾಲರ್ ತನಕ ಕೊಡೋ ಕಾಯ್ದೆ ಮಾಡಿತು. ಅಂದರೆ ಈ ಯಂತ್ರ ಮಾರುಕಟ್ಟೆಗೆ ಬಂದು ಏಳೇ ವರ್ಷಕ್ಕೆ, ಎಡಗಾಲು ಇಲ್ಲದವನೂ ಕಾರು ಓಡಿಸಬಹುದು, ಓಡಿಸಬೇಕು ಅಂತ ಒಂದು ಸರ್ಕಾರ ದುಡ್ಡು ಬಿಚ್ಚಿತ್ತು.

ಈಗ ಅಕ್ಕನ ವಿಷಯ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತು. ಪ್ರೈಮರಿ ಸ್ಕೂಲ್ ಟೀಚರ್. ಹಿಂದೆ ಎರಡು ಪುಟ್ಟ ಚಕ್ರ ಸೇರಿಸಿದ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಿದ್ದವಳು. ವರ್ಗವಾಗಿ ಶಾಲೆ 22 ಕಿಲೋಮೀಟರ್ ದೂರ ಆಯ್ತು, ನಡುವೆ ಹೈವೇ. ಮಳೆಗಾಲದಲ್ಲಿ ಲಾರಿಗಳ ಪಕ್ಕ ಆ ಸ್ಕೂಟರ್ ಓಡಿಸೋದು ನೋಡಿ ಅಮ್ಮ ದಿನಾ ಅತ್ತು ಗೋಳಾಡಿ, ಕೊನೆಗೆ ಭಾವ ಬೆಳಗ್ಗೆ ಸಂಜೆ ಬಿಟ್ಟು ಕರಕೊಂಡು ಬರೋ ವ್ಯವಸ್ಥೆ ಆಯ್ತು. ಭಾವನಿಗೆ ತೋಟದ ಕೆಲಸ ಇದ್ದ ದಿನ ಅಕ್ಕನಿಗೆ ರಜೆ ಹಾಕೋ ಪಾಡು. ತಾಲ್ಲೂಕಿನ ಒಂದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕೇಳಿದರೆ, "ಎಡಗಾಲು ಆಗಲ್ಲ ಅಂದ್ಮೇಲೆ ಕ್ಲಚ್ ಹೆಂಗೆ ಮೇಡಂ?" ಅಂದರಂತೆ. ಅವರ ಹತ್ತಿರ ಇದ್ದ ಕಾರುಗಳೆಲ್ಲ ಕ್ಲಚ್‌ನವೇ, ಹಾಗಾಗಿ ಅವರ ಪ್ರಕಾರ ಜಗತ್ತಿನ ಕಾರುಗಳೆಲ್ಲ ಹಾಗೇ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಇಂಥವರ ಗಾಡಿಗೆ ಇಟ್ಟಿದ್ದ ಹೆಸರು 'ಇನ್‌ವ್ಯಾಲಿಡ್ ಕ್ಯಾರೇಜ್'. ಅಕ್ಕ ಒಂದು ಸಲ ಹೇಳಿದ್ಲು, "ನಮ್ಮ ಹೆಸರು ಮಾತ್ರ ಹತ್ತು ವರ್ಷಕ್ಕೊಂದು ಸಲ ಬದಲಾಯಿಸ್ತಾರೆ ನೋಡು, ಆಫೀಸಿನ ಮೆಟ್ಟಿಲು ಹಾಗೇ ಇರ್ತವೆ."

1946ರಲ್ಲಿ ಬಗೆಹರಿದಿದ್ದ ಒಂದು ಸಮಸ್ಯೆ ನಮ್ಮ ತಾಲ್ಲೂಕಿಗೆ ಬರೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?

ಮೊದಲ ಕಾರಣ ಪೆಟ್ರೋಲ್. ಫ್ಯಾನ್ ಉದಾಹರಣೆಯಲ್ಲಿ ಎರಡನೇ ಫ್ಯಾನ್ ಯಾವತ್ತೂ ಮೊದಲನೆಯದರಷ್ಟು ಜೋರಾಗಿ ತಿರುಗಲ್ಲ. ಆ ವ್ಯತ್ಯಾಸ ಎಣ್ಣೆ ಬಿಸಿಯಾಗಿ ಹಾಳಾಗುತ್ತೆ. ಪೆಟ್ರೋಲ್ ಅಗ್ಗ, ಎಂಜಿನ್ ದೊಡ್ಡದು ಇದ್ದ ಅಮೆರಿಕಕ್ಕೆ ಇದು ಲೆಕ್ಕಕ್ಕೇ ಬರಲಿಲ್ಲ. 1950ರಲ್ಲಿ ಷೆವರ್ಲೆ ತನ್ನ ಅಗ್ಗದ ಕಾರುಗಳಿಗೂ ಪವರ್‌ಗ್ಲೈಡ್ ಅನ್ನೋ ಆಟೋಮ್ಯಾಟಿಕ್ ಕೊಟ್ಟಿತು, ಆ ದಶಕ ಮುಗಿಯೋಷ್ಟರಲ್ಲಿ ಅಲ್ಲಿನ ಹೊಸ ಕಾರುಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್ಕೇ. ಪೆಟ್ರೋಲಿಗೆ ತೆರಿಗೆ ಜಾಸ್ತಿ, ಎಂಜಿನ್ ಪುಟ್ಟದು ಇದ್ದ ಯುರೋಪ್ ಮ್ಯಾನ್ಯುಯಲ್ಲಿನಲ್ಲೇ ಉಳಿಯಿತು. ನಡುವೆ 1958ರಲ್ಲಿ ನೆದರ್‌ಲೆಂಡ್ಸಿನ ಡಾಫ್ ಕಂಪನಿ ರಬ್ಬರ್ ಬೆಲ್ಟಿನಲ್ಲೇ ನಡೆಯೋ ವೇರಿಯೋಮ್ಯಾಟಿಕ್ ತಂದಿತ್ತು. ಇವತ್ತಿನ ಸಿವಿಟಿಯ ಅಜ್ಜ ಅದು. ಅದಕ್ಕೊಂದು ತಮಾಷೆ ಗುಣ ಇತ್ತು, ಮುಂದಕ್ಕೆ ಎಷ್ಟು ವೇಗವೋ ಹಿಂದಕ್ಕೂ ಅಷ್ಟೇ ವೇಗ. ಡಚ್ಚರು ಅದರಲ್ಲಿ ರಿವರ್ಸ್ ರೇಸ್ ಮಾಡಿ ಖುಷಿಪಟ್ಟರು.

ನಮ್ಮ ದೇಶದಲ್ಲಿ ಪೆಟ್ರೋಲಿನ ಜೊತೆಗೆ ಆಯ್ಕೆಯ ಬರ. ಲೈಸೆನ್ಸ್ ರಾಜ್ ಕಾಲದಲ್ಲಿ ಕಾರು ಅಂದರೆ ಅಂಬಾಸಿಡರ್, ಇಲ್ಲ ಪ್ರೀಮಿಯರ್ ಪದ್ಮಿನಿ. ಎರಡರಲ್ಲೂ ಗೇರ್ ಲಿವರ್ ಸ್ಟಿಯರಿಂಗ್ ಕಂಬದ ಮೇಲೆ, ಅದಕ್ಕೇ ಮುಂದಿನ ಉದ್ದ ಸೀಟಿನಲ್ಲಿ ಮದುವೆಗೆ ಹೊರಟ ಮೂರು ಜನ ಹಿಡಿಸುತ್ತಿದ್ದರು. ಹಳೇ ಅಂಬಾಸಿಡರಿನ ಮೊದಲ ಗೇರಿಗೆ ಸಿಂಕ್ರೋಮೆಶ್ ಕೂಡ ಇರಲಿಲ್ಲ, ಗಾಡಿ ಪೂರ್ತಿ ನಿಲ್ಲದೆ ಫಸ್ಟ್ ಹಾಕಿದರೆ ಕರ್‌ರ್ ಅಂತ ಬೈಯುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಗೇರನ್ನ ನೆಲಕ್ಕೆ ಇಳಿಸಿತು, ಬೆರಳಲ್ಲಿ ಹಾಕಬಹುದಾದಷ್ಟು ಹಗುರ ಮಾಡಿತು. ಎಡಗಾಲು ಮಾತ್ರ ಬೇಕೇ ಬೇಕಿತ್ತು. ಆಮೇಲೆ ಝೆನ್, ಸ್ಯಾಂಟ್ರೋ, ಸಿಟಿ ಇಂಥ ಕಾರುಗಳಲ್ಲಿ ಆಟೋಮ್ಯಾಟಿಕ್ ಬಂತು, ಆದರೆ ಸಣ್ಣ ಕಾರಿಗೆ ಹೆಚ್ಚುಕಡಿಮೆ ಲಕ್ಷ ರೂಪಾಯಿ ಜಾಸ್ತಿ, ಮೈಲೇಜ್ ಕಡಿಮೆ. "ಎಷ್ಟು ಕೊಡುತ್ತೆ" ಅನ್ನೋದೇ ಮೊದಲ ಪ್ರಶ್ನೆ ಆಗಿರೋ ದೇಶದಲ್ಲಿ ಅದು ಶೋರೂಮಿನ ಮೂಲೆಯಲ್ಲೇ ಉಳಿಯಿತು. ಮಾರೋದಿಲ್ಲ ಅಂತ ತಯಾರಿಸಲ್ಲ, ತಯಾರಿಸಲ್ಲ ಅಂತ ಬೆಲೆ ಇಳಿಯಲ್ಲ. ಗಂಡಸುತನದ ಮಾತು ಇದರ ಮೇಲೆ ಹಚ್ಚಿದ ಬಣ್ಣ ಅಂತ ನನ್ನ ಅನಿಸಿಕೆ. ಕೈಗೆಟುಕದ್ದನ್ನ ಹುಳಿ ಅನ್ನೋದು ನರಿಯ ಕಾಲದಿಂದಲೂ ಇದೆ.

ಯಾಕೆ ಹಾಗನ್ನಿಸುತ್ತೆ ಅಂದ್ರೆ, ಗೇರ್ ಇಲ್ಲದ ಗಾಡಿಯನ್ನ ಇದೇ ಜನ ಎರಡು ಚಕ್ರದ ಮೇಲೆ ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿದ್ದಾರೆ. 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಹೊರಟಿತು. ಕ್ಲಚ್ ಲಿವರ್ ಇಲ್ಲ, ಗೇರ್ ಇಲ್ಲ, ತಿರುವಿದರೆ ಹೋಗುತ್ತೆ. ನಮ್ಮೂರಲ್ಲಿ ಅದರ ಮೇಲೆ ಎರಡು ಮೂಟೆ ರಾಗಿ, ಅದರ ಮೇಲೆ ಹುಲ್ಲಿನ ಹೊರೆ, ಅದರ ಮೇಲೆ ಒಬ್ಬ ಮನುಷ್ಯ ಹೋಗ್ತಿದ್ದ. "ಗೇರಿಲ್ಲದ ಗಾಡಿ ಓಡಿಸ್ತೀಯಾ" ಅಂತ ಅವನನ್ನ ಯಾರೂ ಹಂಗಿಸಿದ್ದು ನಾನು ಕೇಳಿಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಆಕ್ಟಿವಾ ಬಂದವು, ಎಡಗೈ ತಿರುಚಿ ಗೇರ್ ಹಾಕೋ ಸ್ಕೂಟರ್ ನೋಡನೋಡುತ್ತಲೇ ಮಾಯವಾಯಿತು. ಬೆಲೆ ಮತ್ತೆ ಮೈಲೇಜ್ ಹೊಂದಿದರೆ ಮರ್ಯಾದೆ ಅಡ್ಡ ಬರಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಾರಿನಲ್ಲಿ ಆ ಹೊಂದಾಣಿಕೆ ಬಂದದ್ದು ಎಲ್ಲಿಂದ ಅಂದ್ರೆ ನಂಬೋದು ಕಷ್ಟ, ಫಾರ್ಮುಲಾ ಒನ್‌ನಿಂದ. 1989ರಲ್ಲಿ ಫೆರಾರಿ ತಂಡಕ್ಕೆ ಜಾನ್ ಬರ್ನಾರ್ಡ್ ಒಂದು ಕಾರು ವಿನ್ಯಾಸ ಮಾಡಿದ. ಗೇರ್‌ಬಾಕ್ಸ್ ಮಾಮೂಲಿಯದೇ, ಆದರೆ ಗೇರ್ ಬದಲಾಯಿಸೋದು ಹೈಡ್ರಾಲಿಕ್ ಯಂತ್ರ. ಚಾಲಕ ಸ್ಟಿಯರಿಂಗ್ ಹಿಂದಿನ ಪಟ್ಟಿ ಎಳೆದರೆ ಸಾಕು. ಟೆಸ್ಟಿಂಗಿನಲ್ಲೆಲ್ಲ ಕೈಕೊಟ್ಟಿದ್ದ ಆ ಕಾರು ಬ್ರೆಜಿಲ್‌ನಲ್ಲಿ ನಡೆದ ವರ್ಷದ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಗೆದ್ದಿತು. ಅದರ ಎಲೆಕ್ಟ್ರಾನಿಕ್ಸ್ ಇಟಲಿಯ ಮಗ್ನೆಟಿ ಮರೆಲ್ಲಿ ಕಂಪನಿಯದು. 25 ವರ್ಷ ಆದ ಮೇಲೆ, 2014ರ ಫೆಬ್ರವರಿಯ ಆಟೋ ಎಕ್ಸ್‌ಪೋದಲ್ಲಿ ಬಂದ ಮಾರುತಿ ಸೆಲೆರಿಯೋದ ಎಎಂಟಿ ಕಿಟ್ ಕೂಡ ಅದೇ ಮಗ್ನೆಟಿ ಮರೆಲ್ಲಿಯದೇ.

ಎಎಂಟಿ ಅಂದರೆ ಏನೂ ಮಂತ್ರ ಅಲ್ಲ. ಅದೇ ಐದು ಗೇರಿನ ಮ್ಯಾನ್ಯುಯಲ್ ಡಬ್ಬ, ಅದೇ ಕ್ಲಚ್ ಪ್ಲೇಟು. ಅದರ ಮೇಲೆ ಒಂದು ಪಂಪು, ಒಂದಿಷ್ಟು ವಾಲ್ವು, ಒಂದು ಪುಟ್ಟ ಕಂಪ್ಯೂಟರ್. ನಿಮ್ಮ ಎಡಗಾಲು ಮತ್ತೆ ಎಡಗೈ ಮಾಡೋದನ್ನ ಅದು ಮಾಡುತ್ತೆ, ಹೊಸದಾಗಿ ಕಲಿತವರ ಹಾಗೆ ಸ್ವಲ್ಪ ಕುಲುಕಾಡಿಸಿ. ಎಣ್ಣೆಯ ನಷ್ಟ ಇಲ್ಲ, ಹಾಗಾಗಿ ಸೆಲೆರಿಯೋದಲ್ಲಿ ಎರಡಕ್ಕೂ ಕಂಪನಿ ಹೇಳಿದ ಮೈಲೇಜ್ ಒಂದೇ, ಲೀಟರಿಗೆ 23.1 ಕಿಲೋಮೀಟರ್. ಬೆಲೆಯ ವ್ಯತ್ಯಾಸ ಸುಮಾರು 40 ಸಾವಿರ. ಕಾರು ವಿಮರ್ಶಕರು ಇದನ್ನ ಚೆನ್ನಾಗಿ ಬೈದರು. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತೆ, ಓವರ್‌ಟೇಕ್ ಮಾಡುವಾಗ ಯೋಚನೆ ಮಾಡ್ತಾ ನಿಲ್ಲುತ್ತೆ ಅಂತ. ಎರಡೂ ನಿಜ. ಎಲ್ಲ ಬಗೆಯ ಆಟೋಮ್ಯಾಟಿಕ್ಕುಗಳಲ್ಲಿ ತಾಂತ್ರಿಕವಾಗಿ ಇದೇ ಕೊನೆ ಬೆಂಚು. ಆದರೂ ನಮ್ಮಲ್ಲಿ ಆ ಬಾಗಿಲು ತೆರೆದದ್ದು ಇದೇ. ಲೆವಾಸರ್ ಇದ್ದಿದ್ದರೆ ಅವನ ಮಾತನ್ನೇ ಇನ್ನೊಂದು ಸಲ ಹೇಳ್ತಿದ್ದ. ಅದೇ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು.

ಅಕ್ಕನಿಗೆ ಹುಡುಕಿದ್ದು ಸೆಕೆಂಡ್ ಹ್ಯಾಂಡ್ ಕಾರು, ಬಜೆಟ್ ಮೂರೂವರೆ ಲಕ್ಷ. ಆ ದುಡ್ಡಿಗೆ ಸಿಗೋದು ಎಎಂಟಿ, ಇಲ್ಲ ಹತ್ತು ವರ್ಷ ಹಳೆಯ ಟಾರ್ಕ್ ಕನ್ವರ್ಟರ್. ಒಂದು ತಿಂಗಳು ಶನಿವಾರ ಭಾನುವಾರ ಬೆಂಗಳೂರೆಲ್ಲ ಸುತ್ತಿ ಹದಿನಾಲ್ಕು ಕಾರು ನೋಡಿದೆ. ನೀವೂ ಹುಡುಕುತ್ತಿದ್ದರೆ ಉಪಯೋಗಕ್ಕೆ ಬರಬಹುದು ಅಂತ ಹೇಳ್ತೀನಿ.

ಮ್ಯಾನ್ಯುಯಲ್ ಕಾರಾದರೆ ಕ್ಲಚ್ ಪರೀಕ್ಷೆ ಸುಲಭ. ಬಯಲು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಗುಂಯ್‌ಗುಡ್ತಾ ಇದ್ದರೆ ಪ್ಲೇಟ್ ಸವೆದು ಜಾರ್ತಿದೆ ಅಂತ ಅರ್ಥ. ಒಂದೇ ಸಲ ಮಾಡಿ, ಪಾಪ ಇನ್ನೊಬ್ಬರ ಕಾರು. ಎಎಂಟಿಯಲ್ಲಿ ಈ ಪರೀಕ್ಷೆ ಆಗಲ್ಲ, ಕಂಪ್ಯೂಟರ್ ಬಿಡಲ್ಲ. ಅದನ್ನ ಏರಿಗೆ ಕರಕೊಂಡು ಹೋಗಬೇಕು. ಆಕ್ಸಿಲರೇಟರ್ ತುಳಿದಾಗ ಮುಳ್ಳು ಮೇಲೇರಿ ವೇಗ ಏರದಿದ್ದರೆ ಅದೇ ಕಾಯಿಲೆ. ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಒಳಗೆ ಝುಂಯ್ ಅಂತ ಒಂದು ಸದ್ದು ಬಂದರೆ ಗಾಬರಿಯಾಗಬೇಡಿ, ಪಂಪು ಒತ್ತಡ ತುಂಬಿಸಿಕೊಳ್ತಿದೆ. ಅದು ಎರಡು ಮೂರು ಸೆಕೆಂಡಿಗೆ ನಿಲ್ಲದೆ ಎಳೀತಾ ಇದ್ದರೆ, ಪದೇಪದೇ ಬರ್ತಿದ್ದರೆ ಮಾತ್ರ ಅನುಮಾನ ಪಡಿ. ನಾನು ನೋಡಿದ ಮೂರು ಕಾರು ಸಿಕ್ಕಾಪಟ್ಟೆ ಜಗ್ಗುತ್ತಿದ್ದವು. ಮೂರರಲ್ಲೂ ಹೊರಗಿನ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಿದ್ದರು, ಆದರೆ ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಮತ್ತೆ ಕಲಿಸಿರಲಿಲ್ಲ. ಹಾರ್ಡ್‌ವೇರ್ ಬದಲಾಯಿಸಿ ಕಾನ್ಫಿಗ್ ಅಪ್‌ಡೇಟ್ ಮಾಡದೆ ಬಿಟ್ಟ ಹಾಗೆ. ಹಳೇ ಟಾರ್ಕ್ ಕನ್ವರ್ಟರ್ ಆದರೆ ನ್ಯೂಟ್ರಲ್ಲಿಂದ ಡ್ರೈವಿಗೆ ತಂದ ಮೇಲೆ ಒಂದು ಸೆಕೆಂಡಿನೊಳಗೆ ಕಚ್ಚಿಕೊಳ್ಳಬೇಕು. ಕಡ್ಡಿ ಇದ್ದರೆ ಎಣ್ಣೆ ನೋಡಿ, ಕೆಂಪಗೆ ತಿಳಿಯಾಗಿರಬೇಕು. ಕಂದು ಬಣ್ಣ ತಿರುಗಿ ಸುಟ್ಟ ವಾಸನೆ ಬಂದರೆ ಥ್ಯಾಂಕ್ಸ್ ಹೇಳಿ ಹೊರಡಿ, ಅದರ ರಿಪೇರಿಗೆ ಇನ್ನೊಂದು ಹಳೇ ಕಾರಿನ ದುಡ್ಡು ಆಗುತ್ತೆ.

ಕೊನೆಗೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಓಡಿಸುತ್ತಿದ್ದ 31 ಸಾವಿರ ಕಿಲೋಮೀಟರಿನ ಎಎಂಟಿ ಸಿಕ್ಕಿತು. ಅಕ್ಕ ಓಡಿಸೋದು ಕಲಿತದ್ದು ನಮ್ಮೂರ ಜಾತ್ರೆ ಮೈದಾನದಲ್ಲಿ, ಮೂರು ಭಾನುವಾರ. ಅವಳಿಗೆ ಕಷ್ಟ ಆಗಿದ್ದು ಗೇರೂ ಅಲ್ಲ, ಕಾಲೂ ಅಲ್ಲ, ರಿವರ್ಸ್ ಪಾರ್ಕಿಂಗ್. ಅದು ಎರಡು ಕಾಲೂ ನೆಟ್ಟಗಿರೋ ನನ್ನ ಟೀಮ್ ಲೀಡಿಗೂ ಬರಲ್ಲ. ಗೇರ್ ಬದಲಾಗೋ ಗಳಿಗೆಯಲ್ಲಿ ಆಕ್ಸಿಲರೇಟರಿನಿಂದ ಕಾಲು ಒಂಚೂರು ಎತ್ತಿದರೆ ಕುಲುಕಾಟ ಇರಲ್ಲ ಅನ್ನೋದನ್ನ ಅವಳೇ ಎರಡನೇ ವಾರ ಕಂಡುಕೊಂಡ್ಲು. ಏರಿನಲ್ಲಿ ನಿಂತಾಗ ಆಕ್ಸಿಲರೇಟರಿನಲ್ಲೇ ಕಾರನ್ನ ಹಿಡಿದಿಟ್ಟುಕೊಳ್ಳಬೇಡ, ಕ್ಲಚ್ ಸುಡುತ್ತೆ, ಬ್ರೇಕ್ ಒತ್ತು ಅಂತ ನಾನು ಹೇಳಿಕೊಟ್ಟಿದ್ದು ಅದೊಂದೇ.

ಈಗ ಅವಳ ಸಹೋದ್ಯೋಗಿಗಳು ಎಲೆಕ್ಟ್ರಿಕ್ ಕಾರು ನೋಡ್ತಿದ್ದಾರಂತೆ. ಅದರಲ್ಲಿ ಆಯ್ಕೆಯ ಗೋಜೇ ಇಲ್ಲ. ಮೋಟರಿಗೆ ಎತ್ತಿನ ಗುಣ ಇದೆ ಅಂದೆನಲ್ಲ, ನಿಂತಲ್ಲಿಂದಲೇ ಬಲ. ಹಾಗಾಗಿ ಒಂದೇ ಗೇರ್ ಸಾಕು, ಕ್ಲಚ್ ಬೇಡ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಹಾಗೇ ಇತ್ತು, ಎರಡೇ ಪೆಡಲ್. ಆಟಿಕೆ ಕಾರು ಅಂತ ನಾವೆಲ್ಲ ನಕ್ಕೆವು, ಲಂಡನ್ನಿನವರು ಅದನ್ನ ಜಿ-ವಿಜ್ ಅಂತ ಕರೆದು ಓಡಿಸಿದರು.

ಅಕ್ಕನ ಕಾರು ಈಗ 70 ಸಾವಿರ ದಾಟಿದೆ. ಹೋದ ತಿಂಗಳು ಕ್ಲಚ್ ಪ್ಲೇಟ್ ಹೋಯಿತು, ಬಿಲ್ ನೋಡಿ ಭಾವ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೆಕ್ಯಾನಿಕ್ ಕೈಗೆ ಕೀ ಕೊಡೋ ಮೊದಲು ಅಕ್ಕ ನನಗೆ ಫೋನ್ ಮಾಡಿ, "ಅದೇನೋ ಸ್ಕ್ಯಾನರ್ ಹಾಕಿ ಕಲಿಸಬೇಕು ಅಂದಿದ್ಯಲ್ಲ, ಅದರ ಹೆಸರು ಹೇಳು, ಚೀಟೀಲಿ ಬರ್ಕೊಡ್ತೀನಿ" ಅಂದ್ಲು.